ಮುಂದಿನ ಬ್ರೇಕ್ ಬಿಚ್ಚಿಟ್ಟ ಮಗ

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ನನ್ನ ಅಣ್ಣ ತನ್ನ ಹಳೇ ಆರ್‌ಎಕ್ಸ್ 100 ಬೈಕನ್ನು ‘ರಿಪೇರಿ ಕಲಿಯಲಿ’ ಅಂತ ಅವನಿಗೆ ಕೊಟ್ಟರು. ಮೊನ್ನೆ ನೋಡಿದರೆ ಮುಂದಿನ ಬ್ರೇಕಿನ ಲಿವರೂ ಇಲ್ಲ, ಕೇಬಲ್ಲೂ ಇಲ್ಲ. ಕೇಳಿದರೆ ‘ಡರ್ಟ್ ಟ್ರ್ಯಾಕ್ ಬೈಕಿಗೆ ಮುಂದಿನ ಬ್ರೇಕ್ ಇರೋದೇ ಇಲ್ಲ ಅಮ್ಮ, ಅಮೆರಿಕದಲ್ಲಿ ನೂರು ವರ್ಷದಿಂದ ಹಾಗೇ’ ಅಂತಾನೆ. ಹೈವೇಯ ಆಚೆ ಬದಿ ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕೈದು ಹುಡುಗರು ಸೇರಿ ಸುತ್ತು ಹಾಕುತ್ತಾರಂತೆ. ಎಡಗಾಲಿನ ಶೂಗೆ ತಗಡು ಬೇರೆ ಕಟ್ಟಿಕೊಳ್ಳುತ್ತಾನೆ. ಪಕ್ಕದ ಮನೆಯವರು ಇದು ಪುಂಡರ ಆಟ ಅನ್ನುತ್ತಾರೆ. ಅಣ್ಣ ಮಾತ್ರ ‘ಮಣ್ಣಿನ ಮೇಲೆ ಬಿದ್ದರೆ ಎಂತ ಆಗ್ತದೆ, ಬಿಡು’ ಅಂತಾರೆ. ಇದು ನಿಜವಾಗಿ ಒಂದು ಕ್ರೀಡೆಯಾ? ಬ್ರೇಕ್ ಇಲ್ಲದೆ ಓಡಿಸುವುದರಲ್ಲಿ ಅಂಥದ್ದು ಎಂತ ಉಂಟು? ನಿಲ್ಲಿಸಲಾ, ಬಿಡಲಾ?

ಉತ್ತರ: ಅಕ್ಕ, ನಿಮ್ಮ ಪತ್ರ ಓದಿ ನನಗೆ ಹೆದರಿಕೆ ಆದದ್ದು ಬ್ರೇಕಿನ ಸುದ್ದಿಗಲ್ಲ. ‘ಹೈವೇಯ ಆಚೆ ಬದಿ’ ಅಂತ ಬರೆದಿದ್ದೀರಲ್ಲ, ಅದಕ್ಕೆ. ಆ ಬೈಕು ಗದ್ದೆಗೆ ಹೇಗೆ ಹೋಗುತ್ತದೆ? ಟೆಂಪೋದಲ್ಲಾ, ತಳ್ಳಿಕೊಂಡಾ, ಓಡಿಸಿಕೊಂಡಾ? ಓಡಿಸಿಕೊಂಡೇ ಇರಬೇಕು. ಈ ಪ್ರಾಯದ ಹುಡುಗರನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಾ ಬಂದಿದ್ದೇನೆ. ಹಾಗಾದರೆ ನಿಮ್ಮ ಮಗ ಲೈಸೆನ್ಸ್ ಇಲ್ಲದೆ, ಮುಂದಿನ ಬ್ರೇಕ್ ಇಲ್ಲದ ಬೈಕಿನಲ್ಲಿ, ಹೋಗುವಾಗ ಒಂದು ಸಲ ಬರುವಾಗ ಒಂದು ಸಲ ಎನ್‌ಎಚ್ 66 ದಾಟುತ್ತಿದ್ದಾನೆ. ಗದ್ದೆಯಲ್ಲಿ ಒಂದು ಗಂಟೆ ಸುತ್ತು ಹಾಕುವುದಕ್ಕಿಂತ ಆ ಅರ್ಧ ನಿಮಿಷ ಜಾಸ್ತಿ ಅಪಾಯ. ಅದನ್ನು ಇವತ್ತೇ ನಿಲ್ಲಿಸಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ನನ್ನದು ಉಡುಪಿಯಲ್ಲಿ ಒಂದು ಚಿಕ್ಕ ಗ್ಯಾರೇಜು. ಪ್ರಾಯದಲ್ಲಿ ನಾನೂ ಮಣ್ಣಿನ ಮೇಲೆ ಓಡಿಸಿದ್ದೇನೆ. ಈಗ ಈ ಕಡೆ ಎಲ್ಲಾದರೂ ರೇಸ್ ಆದರೆ ಸ್ಕ್ರುಟಿನಿಗೆ ಕರೆಯುತ್ತಾರೆ, ಅಂದರೆ ರೇಸಿಗೆ ಮುಂಚೆ ಬೈಕು, ಹೆಲ್ಮೆಟ್ಟು, ಶೂ ಎಲ್ಲ ತಪಾಸಣೆ ಮಾಡುವ ಕೆಲಸ. ಅಲ್ಲಿ ಬೈಯಿಸಿಕೊಳ್ಳುವುದೇ ಜಾಸ್ತಿ.

ಮೊದಲು ಮಗನ ಮಾತು. ಅವನು ಸುಳ್ಳು ಹೇಳುತ್ತಿಲ್ಲ. ಅರ್ಧ ಹೇಳುತ್ತಿದ್ದಾನೆ.

ಅಮೆರಿಕದ ಹಳ್ಳಿಗಳಲ್ಲಿ ಸುಗ್ಗಿ ಆದ ಮೇಲೆ ಜಾತ್ರೆ ನಡೆಯುತ್ತದೆ. ದನಗಳ ಪ್ರದರ್ಶನ, ತೊಟ್ಟಿಲು, ತಿಂಡಿ ಅಂಗಡಿ, ಜೊತೆಗೆ ಕುದುರೆ ಓಟ. ಆ ಓಟಕ್ಕೆ ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು. ಕೆಲವು ಕಡೆ ಸುತ್ತಳತೆ ಅರ್ಧ ಮೈಲಿ, ಕೆಲವು ಕಡೆ ಒಂದು ಮೈಲಿ. 1900ರ ಆಸುಪಾಸಿನಲ್ಲಿ ಮೋಟರ್‌ಸೈಕಲ್ ಬಂತು. ಬೇರೆ ಜಾಗ ಹುಡುಕುವುದು ಯಾಕೆ ಅಂತ ಕುದುರೆ ಟ್ರ್ಯಾಕಿಗೇ ಇಳಿಸಿದರು. ಅಲ್ಲಿ ಕುದುರೆಗಳು ಎಡಕ್ಕೆ ಸುತ್ತುತ್ತಿದ್ದವು, ಬೈಕುಗಳೂ ಎಡಕ್ಕೇ ಸುತ್ತಿದವು. ಇವತ್ತಿಗೂ ಅಷ್ಟೇ, ಬರೀ ಎಡ ತಿರುವು. ನಿಮ್ಮ ಮಗ ಎಡಗಾಲಿಗೆ ಮಾತ್ರ ತಗಡು ಕಟ್ಟುವುದು ಅದಕ್ಕೇ.

1910ರ ದಶಕದಲ್ಲಿ ಇದಕ್ಕೊಬ್ಬ ಅಣ್ಣ ಇದ್ದ: ಮರದ ಹಲಗೆ ಹಾಸಿ, ಬಾಣಲೆಯಂತೆ ಓರೆ ಮಾಡಿದ ಟ್ರ್ಯಾಕು. ವೇಗ ಜಾಸ್ತಿ, ಸಾವೂ ಜಾಸ್ತಿ. 1912ರಲ್ಲಿ ನ್ಯೂಆರ್ಕ್‌ನಲ್ಲಿ ಒಂದು ಬೈಕು ಪ್ರೇಕ್ಷಕರ ಕಡೆಗೇ ನುಗ್ಗಿ, ಓಡಿಸುವವರ ಜೊತೆ ನೋಡಲು ಬಂದವರೂ ಸತ್ತರು. ಹಲಗೆ ಕೊಳೆಯಿತು, ಖರ್ಚು ಏರಿತು, 1920ರ ದಶಕ ಮುಗಿಯುವಷ್ಟರಲ್ಲಿ ಆ ಆಟ ಬಹುತೇಕ ನಿಂತಿತು. ಅದರ ಮರಿಯೊಂದು ನಮ್ಮ ಜಾತ್ರೆಗಳಲ್ಲಿ ಇನ್ನೂ ಉಂಟು. ಮರಣ ಬಾವಿ ನೋಡಿದ್ದೀರಲ್ಲ, ಹಲಗೆಯ ಗೋಡೆ ಮೇಲೆ ಬೈಕು ಸುತ್ತುವುದು? ಅದು ಅಲ್ಲಿಂದಲೇ ಬಂದದ್ದು.

ಮಣ್ಣಿನ ಟ್ರ್ಯಾಕು ಮಾತ್ರ ಉಳಿಯಿತು. ಹಾರ್ಲೆ-ಡೇವಿಡ್‌ಸನ್, ‘ಇಂಡಿಯನ್’ ಅನ್ನುವ ಎರಡು ಅಮೆರಿಕದ ಬೈಕ್ ಕಂಪನಿಗಳು ಅಲ್ಲೇ ಕಾದಾಡಿ ಹೆಸರು ಮಾಡಿದವು. 1954ರಿಂದ ಅಮೆರಿಕದ ಚಾಂಪಿಯನ್ ಯಾರು ಅನ್ನುವುದನ್ನು ವರ್ಷವಿಡೀ ನಡೆಯುವ ಸರಣಿಯಲ್ಲಿ ತೀರ್ಮಾನಿಸಲು ಶುರು ಮಾಡಿದರು. ಅದರಲ್ಲಿ ಒಂದು ಮೈಲಿಯ ಟ್ರ್ಯಾಕು, ಅರ್ಧ ಮೈಲಿ, ಇನ್ನೂ ಚಿಕ್ಕದು, ಬಲ ತಿರುವೂ ಜಂಪೂ ಇರುವ ಟಿಟಿ, ಸಾಲದ್ದಕ್ಕೆ ಡಾಂಬರಿನ ರೇಸು. ಆಗೆಲ್ಲ ಎಲ್ಲದರಲ್ಲೂ ಪಾಯಿಂಟ್ ತೆಗೆಯಬೇಕಿತ್ತು. 1970ರಲ್ಲಿ ಹಾರ್ಲೆ ತಂದ ಎಕ್ಸ್‌ಆರ್ 750 ಅನ್ನುವ ಬೈಕು ದಶಕಗಳ ಕಾಲ ಈ ಆಟವನ್ನು ಆಳಿತು. ಸ್ಕಾಟ್ ಪಾರ್ಕರ್ 9 ಸಲ ಚಾಂಪಿಯನ್ ಆದದ್ದು ಹಾರ್ಲೆ ಮೇಲೆಯೇ.

ಇದೆಲ್ಲ ಪಿಯುಸಿ ಹುಡುಗನಿಗೆ ಹೇಗೆ ಗೊತ್ತಾಯಿತು ಅಂತೀರಾ? ಮೋಟೋಜಿಪಿಯಿಂದ, ಅಂದರೆ ಡಾಂಬರಿನ ಮೇಲೆ ನಡೆಯುವ ಬೈಕ್ ರೇಸಿನ ವಿಶ್ವ ಸರಣಿಯಿಂದ. ಕೆನ್ನಿ ರಾಬರ್ಟ್ಸ್ ಅಂತ ಒಬ್ಬ, 1973 ಮತ್ತು 1974ರಲ್ಲಿ ಅಮೆರಿಕದ ಚಾಂಪಿಯನ್, ಮಣ್ಣಿನಲ್ಲೇ ಬೆಳೆದವನು. ಆಮೇಲೆ ಯುರೋಪಿಗೆ ಹೋಗಿ 1978, 79, 80 ಮೂರೂ ವರ್ಷ 500 ಸಿಸಿ, ಅಂದರೆ ಆಗಿನ ಮೋಟೋಜಿಪಿಯ, ವಿಶ್ವ ಚಾಂಪಿಯನ್ ಆದ. ಡಾಂಬರಿನ ಮೇಲೆ ಹಿಂದಿನ ಚಕ್ರ ಜಾರಿದರೆ ಉಳಿದವರ ಎದೆ ಧಸಕ್ ಅನ್ನುತ್ತಿತ್ತು. ಅವನಿಗೆ ಅದು ಮನೆಯ ಅಂಗಳ. ಅವನ ಹಿಂದೆಯೇ ಬಂದ ಫ್ರೆಡ್ಡಿ ಸ್ಪೆನ್ಸರ್, ಎಡ್ಡಿ ಲಾಸನ್, ವೇನ್ ರೈನಿ, ಆಮೇಲೆ 2006ರಲ್ಲಿ ಗೆದ್ದ ನಿಕಿ ಹೇಡನ್, ಎಲ್ಲರೂ ಮಣ್ಣಿನವರೇ. ಈಗ ಮೋಟೋಜಿಪಿಯ ಹಳೇ ಚಾಂಪಿಯನ್ ವ್ಯಾಲೆಂಟಿನೋ ರೊಸ್ಸಿ ತನ್ನ ಊರಲ್ಲಿ ಮಣ್ಣಿನ ಟ್ರ್ಯಾಕು ಕಟ್ಟಿಸಿ ಹುಡುಗರನ್ನು ತಯಾರು ಮಾಡುತ್ತಾನೆ. ಮಾರ್ಕ್ ಮಾರ್ಕೆಜ್ ಕೂಡ ಅಭ್ಯಾಸಕ್ಕೆ ಮಣ್ಣಿಗೇ ಇಳಿಯುತ್ತಾನೆ. ನಿಮ್ಮ ಮಗನ ಫೋನಿನಲ್ಲಿ ಬರುವ ವಿಡಿಯೋಗಳು ಇವೇ ಇರಬೇಕು.

ಅಂದಮೇಲೆ ಪುಂಡರ ಆಟ ಅನ್ನುವ ಮಾತನ್ನು ಬಿಡಿ. ಮಣಿಪಾಲದ ರಸ್ತೆಯಲ್ಲಿ ರಾತ್ರಿ ಸೈಲೆನ್ಸರ್ ಕಿತ್ತು ವೀಲಿಂಗ್ ಮಾಡುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಕ್ಕದ ಮನೆಯವರನ್ನು ದೂರುವ ಹಾಗೂ ಇಲ್ಲ. ದೂರದಿಂದ ಕೇಳುವವರಿಗೆ ಎರಡರ ಸದ್ದೂ ಒಂದೇ.

ಈಗ ಬ್ರೇಕು. ನೀವು ಕಂಬಳ ನೋಡಿದ್ದರೆ ಇದು ಸುಲಭ. ಕೋಣಗಳಿಗೆ ಬ್ರೇಕ್ ಉಂಟಾ? ಗಂತಿನಿಂದ, ಅಂದರೆ ಓಟ ಶುರುವಾಗುವ ಜಾಗದಿಂದ, ಬಿಟ್ಟರೆ ಓಟದ ಕೆಸರು ಗದ್ದೆಯಾದ ಕರೆಯಲ್ಲಿ ಬಾಣದ ಹಾಗೆ ಬರುತ್ತವೆ. ಹಗ್ಗ ಎಳೆದರೆ ನಿಲ್ಲುವ ಜಾತಿಯೇ ಅಲ್ಲ. ಕೊನೆಗೆ ಮಂಜೊಟ್ಟಿ ಉಂಟಲ್ಲ, ಆ ಏರು, ಅದನ್ನು ಹತ್ತುವಾಗ ವೇಗ ತಾನಾಗಿ ಇಳಿಯುತ್ತದೆ. ಅಲ್ಲಿ ಹಿಡಿಯುವವರೂ ನಿಂತಿರುತ್ತಾರೆ. ನಿಲ್ಲಿಸುವ ವ್ಯವಸ್ಥೆ ಕೋಣದಲ್ಲಿಲ್ಲ, ನೆಲದಲ್ಲಿ ಉಂಟು.

ಅಮೆರಿಕದ ಓವಲ್ ಟ್ರ್ಯಾಕೂ ಹಾಗೇ. 1960ರ ದಶಕದ ಕೊನೆಯವರೆಗೂ ಅಲ್ಲಿ ಹಿಂದಿನ ಬ್ರೇಕೂ ಇರುತ್ತಿರಲಿಲ್ಲ. ಹತ್ತಾರು ಬೈಕುಗಳು ಗೇಣು ದೂರದಲ್ಲಿ ಒಂದರ ಹಿಂದೆ ಒಂದು ಹೋಗುವಾಗ ಮುಂದಿನವ ತಟಕ್ಕನೆ ಬ್ರೇಕ್ ಹಿಡಿದರೆ ಹಿಂದಿನವ ಅವನ ಮೇಲೆಯೇ. ಯಾರಿಗೂ ಬ್ರೇಕ್ ಇಲ್ಲದಿದ್ದರೆ ಎಲ್ಲರೂ ಒಂದೇ ರೀತಿ ನಿಧಾನವಾಗುತ್ತಾರೆ ಅನ್ನುವುದು ಅವರ ಲೆಕ್ಕ. ಆಮೇಲೆ ಹಿಂದಿನ ಬ್ರೇಕ್ ಬಂತು. ಮುಂದಿನದು ಓವಲ್‌ನಲ್ಲಿ ಇವತ್ತಿಗೂ ಇಲ್ಲ. ಸಡಿಲ ಮಣ್ಣಿನಲ್ಲಿ ಬೈಕು ವಾಲಿರುವಾಗ ಮುಂದಿನ ಚಕ್ರ ಹಿಡಿದುಕೊಂಡರೆ ಯೋಚಿಸಲೂ ಸಮಯ ಸಿಗುವುದಿಲ್ಲ, ಹ್ಯಾಂಡಲ್ ಮಡಚಿ ನೆಲಕ್ಕೆ.

ಮತ್ತೆ ತಿರುವಿನಲ್ಲಿ ವೇಗ ಇಳಿಸುವುದು ಹೇಗೆ? ಅಡ್ಡ ಮಾಡಿ. ನೇರದಲ್ಲಿ ಗಂಟೆಗೆ 200 ಕಿ.ಮೀ. ದಾಟಿದ ಬೈಕನ್ನು ಆಕ್ಸಿಲೇಟರ್ ಬಿಟ್ಟು ಎಡಕ್ಕೆ ವಾಲಿಸುತ್ತಾರೆ. ಹಿಂದಿನ ಚಕ್ರ ಹೊರಗೆ ಜಾರುತ್ತದೆ. ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ, ಬೈಕು ಎಡಕ್ಕೆ ಹೋಗುತ್ತಿರುತ್ತದೆ. ಅಡ್ಡಕ್ಕೆ ಉಜ್ಜುವ ಟಯರೇ ಬ್ರೇಕು. ಎಡಗಾಲು ನೆಲ ಸವರುತ್ತದೆ. ಬರೀ ರಬ್ಬರ್ ಅಟ್ಟೆಯಾದರೆ ಮಣ್ಣಿಗೆ ಕಚ್ಚಿ ಮಂಡಿ ತಿರುಚುತ್ತದೆ. ಅದಕ್ಕೇ ಉಕ್ಕಿನ ಅಟ್ಟೆ. ಆಮೇಲೆ ಬಲಗೈ ತಿರುವಿದಷ್ಟು ಬೈಕು ತಿರುಗುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿ, ಇನ್ನೇನು ಬಿದ್ದೆ ಅನ್ನುವಾಗ ಹೇಗೋ ನಿಲ್ಲುತ್ತೇವಲ್ಲ? ಆ ಒಂದು ಗಳಿಗೆಯನ್ನು ಇವರು ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಎಳೆಯುತ್ತಾರೆ. ಒಂದು ಸಲ ಅದರ ರುಚಿ ಹತ್ತಿದರೆ ಬಿಡುವುದು ಕಷ್ಟ. ನನಗೆ ಹತ್ತಿದ್ದು 19ನೇ ವರ್ಷಕ್ಕೆ. ಈಗಲೂ ಗ್ಯಾರೇಜಿನ ಅಂಗಳದ ಚರಳಿನ ಮೇಲೆ ಸ್ಕೂಟರ್ ಸ್ವಲ್ಪ ಅಡ್ಡ ಹೋದರೆ ಒಳಗೊಳಗೇ ಖುಷಿ. ಹೆಂಡತಿಗೆ ಗೊತ್ತಾಗಬಾರದು, ಅಷ್ಟೇ.

ನೋಡುವವರಿಗೂ ಇದು ಬೇರೆ ರೇಸಿನ ಹಾಗಲ್ಲ. ಕಾರ್ ರೇಸಿನಲ್ಲಿ ನಮ್ಮ ಎದುರಿಗೆ ಒಂದು ಸಲ ಸುಂಯ್ ಅಂತ ಹೋದರೆ ಮುಗಿಯಿತು, ಮತ್ತೆ ಬರುವವರೆಗೆ ಕಡಲೆ ತಿನ್ನುತ್ತಾ ಕೂರಬೇಕು. ಇಲ್ಲಿ ಇಡೀ ಓಟ ಕಣ್ಣೆದುರಿಗೇ. ಯಾರು ಯಾರನ್ನು ಎಲ್ಲಿ ಹಿಂದೆ ಹಾಕಿದ ಅನ್ನುವುದು ಅಜ್ಜಿಗೂ ಗೊತ್ತಾಗುತ್ತದೆ. ಕಂಬಳಕ್ಕೆ ಜನ ರಾತ್ರಿಯಿಡೀ ಕರೆಯ ಪಕ್ಕ ನಿಲ್ಲುವುದೂ ಅದಕ್ಕೇ ಅಲ್ವಾ?

ಮಗ ಹೇಳದ ಇನ್ನರ್ಧ ಈಗ. ಅವನು ಎರಡು ಬೇರೆ ಬೇರೆ ಆಟಗಳನ್ನು ಒಂದು ಮಾಡಿಕೊಂಡಿದ್ದಾನೆ.

ನಮ್ಮ ದೇಶದಲ್ಲಿ ಪೋಸ್ಟರಿನಲ್ಲಿ ‘ಡರ್ಟ್ ಟ್ರ್ಯಾಕ್ ರೇಸ್’ ಅಂತ ಬರೆದಿದ್ದರೆ ಅದು ಅಮೆರಿಕದ ಓವಲ್ ಅಲ್ಲ. ಒಂದು ಮೈದಾನದಲ್ಲಿ ಜೆಸಿಬಿ ತಂದು ದಿಣ್ಣೆ ಮಾಡಿ, ಎಡಬಲ ಎರಡೂ ಕಡೆ ತಿರುವು ಹಾಕಿ, ಎರಡು ಮೂರು ಜಂಪ್ ಇಟ್ಟಿರುತ್ತಾರೆ. ಇದರ ವಂಶ ಬೇರೆ: ಇಂಗ್ಲೆಂಡಿನಲ್ಲಿ 1924ರಲ್ಲಿ ಶುರುವಾದ ಸ್ಕ್ರ್ಯಾಂಬಲ್, ಅದರಿಂದ ಮೋಟೋಕ್ರಾಸ್, ಅದರಿಂದ ಸೂಪರ್‌ಕ್ರಾಸ್. ಇಲ್ಲಿ ಜಂಪ್ ಇಳಿದ ಕೂಡಲೇ ಬಲ ತಿರುವು ಬಂದರೆ ಮುಂದಿನ ಬ್ರೇಕ್ ಬೇಕೇ ಬೇಕು. ನಿಮ್ಮ ಮಗ ಈಗಿರುವ ಬೈಕನ್ನು ನನ್ನ ಸ್ಕ್ರುಟಿನಿಗೆ ತಂದರೆ ಹೆಸರು ಕೇಳುವ ಮುಂಚೆಯೇ ವಾಪಸ್ ಕಳಿಸುತ್ತೇನೆ. ಈ ಮಾತನ್ನು ಅವನಿಗೆ ಹೇಳಿ. ನೀವು ಬೈದದ್ದಕ್ಕಿಂತ ಜಾಸ್ತಿ ತಾಗುತ್ತದೆ.

ಇನ್ನೊಂದು ವಿಷಯ, ಇದು ಅವನ ಮಾವನಿಗೂ ಹೊಳೆದಿರಲಿಕ್ಕಿಲ್ಲ. ಅಮೆರಿಕದ ಆ ದೊಡ್ಡ ಬೈಕುಗಳು ಫೋರ್ ಸ್ಟ್ರೋಕ್. ಆಕ್ಸಿಲೇಟರ್ ಬಿಟ್ಟರೆ ಇಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದು ಎಳೆಯುತ್ತದೆ. ಬ್ರೇಕಿನ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆರ್‌ಎಕ್ಸ್ 100 ಟೂ ಸ್ಟ್ರೋಕ್. ಆಕ್ಸಿಲೇಟರ್ ಬಿಟ್ಟರೂ ಗಾಳಿಗೆ ಬಿಟ್ಟ ಪಟದ ಹಾಗೆ ಹೋಗುತ್ತಲೇ ಇರುತ್ತದೆ. ಓಡಿಸಿದವರಿಗೆಲ್ಲ ಗೊತ್ತು. 100 ಕಿಲೋ ಚಿಲ್ಲರೆ ತೂಕ, 11 ಎಚ್‌ಪಿ, ತುಂಟ ಕರುವಿನಂಥ ಗಾಡಿ. 1985ರಿಂದ 1996ರವರೆಗೆ ಬಂದ ಆ ಬೈಕಿನ ಮೇಲೆ ನಮ್ಮ ತಲೆಮಾರಿನ ಅರ್ಧ ಜನ ರೇಸ್ ಕಲಿತರು. ನಾನೂ ಅದರಲ್ಲೇ. ಆದರೆ ಮುಂದಿನ ಬ್ರೇಕ್ ಕಳಚುವುದಕ್ಕೆ ಇಡೀ ಬೈಕ್ ಅಂಗಡಿಯಲ್ಲಿ ಹುಡುಕಿದರೂ ಇದಕ್ಕಿಂತ ತಪ್ಪು ಬೈಕ್ ಸಿಗಲಿಕ್ಕಿಲ್ಲ. ಅದರ ಆಯಿಲ್ ಪಂಪು ಕೆಲಸ ಮಾಡುತ್ತಾ ಅಂತಲೂ ಕೇಳಿ. ಕೆಲವರು ಪಂಪು ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸುತ್ತಾರೆ, ಒಂದು ದಿನ ಬೆರೆಸಲು ಮರೆಯುತ್ತಾರೆ. ಪಿಸ್ಟನ್ ಕಚ್ಚಿಕೊಂಡರೆ ಹಿಂದಿನ ಚಕ್ರ ಪಕ್ಕನೆ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ಕ್ಲಚ್ ಹಿಡಿಯುವಷ್ಟು ಬೆರಳು ಚುರುಕಾಗಿರಬೇಕು.

ಕಾಲಿನ ತಗಡಿಗೂ ಇದೇ ಮಾತು. ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮುಂದಿನ ಅಂಚು ದೋಣಿಯ ಮೂತಿಯ ಹಾಗೆ ಮೇಲಕ್ಕೆ ಬಾಗಿರಬೇಕು. ಚಪ್ಪಟೆಯಾಗಿ, ಕತ್ತರಿಸಿದ ಹಾಗೇ ಬಿಟ್ಟಿದ್ದರೆ ಅದು ಮಣ್ಣು ಅಗೆಯುವ ಹಾರೆ. ಮಣ್ಣಿಗೆ ಸಿಕ್ಕಿದ ದಿನ ಪಾದದ ಗಂಟು ಉಳಿಯುವುದಿಲ್ಲ.

ಇನ್ನು ನಿಮ್ಮ ಅಣ್ಣ ಹೇಳಿದ್ದು: ಮಣ್ಣಿನ ಮೇಲೆ ಬಿದ್ದರೆ ಎಂತ ಆಗ್ತದೆ?

ಇದರಲ್ಲಿ ಸ್ವಲ್ಪ ಸತ್ಯ ಉಂಟು. ಡಾಂಬರಿಗಿಂತ ಇಲ್ಲಿ ವೇಗ ಕಡಿಮೆ, ಎದುರಿನಿಂದ ಬಸ್ಸು ಬರುವುದಿಲ್ಲ. ಬಿದ್ದವನು ಜಾರುತ್ತಾ ಹೋದರೆ ಪೆಟ್ಟು ಹಂಚಿಹೋಗುತ್ತದೆ. ಆದರೆ ನಮ್ಮ ಕರಾವಳಿಯ ಮಣ್ಣನ್ನು ಮೆತ್ತಗೆ ಅನ್ನಬೇಡಿ. ಫೆಬ್ರವರಿ, ಮಾರ್ಚ್‌ಗೆ ಬೈಲು ಗದ್ದೆ ಒಣಗಿ ಬಿರುಕು ಬಿಟ್ಟಿರುತ್ತದೆ. ಹಿಮ್ಮಡಿಯಿಂದ ಒದ್ದರೆ ಹಿಮ್ಮಡಿಯೇ ನೋಯುತ್ತದೆ. ಪದವಿನ ಮೇಲೆ, ಅಂದರೆ ಎತ್ತರದ ಬೋಳು ಬಯಲಿನಲ್ಲಾದರೆ ಅಡಿಯಲ್ಲಿ ಕೆಂಪುಕಲ್ಲು, ಮೇಲೆ ಚರಳು. ಸಿಮೆಂಟ್ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ಅದೇ ಜಾಗಕ್ಕೆ ಹಿಂದಿನ ದಿನ ಟ್ಯಾಂಕರಿನಲ್ಲಿ ನೀರು ಹೊಡೆಸಿ, ಬೆಳಿಗ್ಗೆ ಇನ್ನೊಮ್ಮೆ ಹದ ಮಾಡಿದರೆ ಟಯರ್ ಹಿಡಿಯುತ್ತದೆ, ಧೂಳೂ ಏಳುವುದಿಲ್ಲ. ಹದ ಬಂತಾ ಅಂತ ನೋಡಲು ನಾನು ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟುತ್ತೇನೆ. ಉಂಡೆಯಾಗಿ ನಿಂತು, ಹೆಬ್ಬೆರಳಲ್ಲಿ ಒತ್ತಿದರೆ ಒಡೆಯಬೇಕು. ಕೈಗೆ ಅಂಟಿದರೆ ನೀರು ಜಾಸ್ತಿ. ಉಂಡೆಯೇ ಆಗದಿದ್ದರೆ ಇನ್ನೊಂದು ಟ್ಯಾಂಕರ್.

ನಾನು ಬಿದ್ದದ್ದು 1994ರಲ್ಲಿ, ಇಂಥದ್ದೇ ಒಂದು ಗದ್ದೆಯಲ್ಲಿ. ರೇಸ್ ನಡೆಸಿದವರ ಹೆಸರು ಬೇಡ, ಅವರಿಗೂ ಏನೂ ಗೊತ್ತಿರಲಿಲ್ಲ. ಪ್ರೇಕ್ಷಕರಿಗೆ ಹಗ್ಗವೂ ಕಟ್ಟಿರಲಿಲ್ಲ. ಮೂರನೇ ಸುತ್ತಿನಲ್ಲಿ ಒಬ್ಬ ಮಗುವನ್ನು ಎತ್ತಿಕೊಂಡು, ನಡುವಿನಿಂದ ಆಚೆ ಬದಿಗೆ ನಡೆದುಹೋದ. ಸುಮ್ನೆ, ರಸ್ತೆ ದಾಟಿದ ಹಾಗೆ. ನಾನು ಹೊರಗೆ ತಿರುಗಿಸಿದೆ. ಹೊರಗೆ ಗದ್ದೆಯ ಅಂಚು, ಅದರಾಚೆ ಕೆಂಪುಕಲ್ಲಿನ ಪಾಗಾರ. ಭುಜದ ಮುಂದಿನ ಎಲುಬು ಎರಡು ತುಂಡು. ಆಂಬ್ಯುಲೆನ್ಸ್ ಇರಲಿಲ್ಲ. ಸೋಡಾ ಬಾಟ್ಲಿ ತಂದಿದ್ದ ಟೆಂಪೋದಲ್ಲಿ ಕ್ರೇಟುಗಳ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು. ಗುಂಡಿ ಸಿಕ್ಕಿದಲ್ಲೆಲ್ಲ ಬಾಟ್ಲಿಗಳು ಗಣಗಣ, ನಾನು ಅಯ್ಯೋ ಅಯ್ಯೋ. ಇವತ್ತಿಗೂ ಮಳೆಗಾಲ ಶುರುವಾಗುವ ವಾರ ಅಲ್ಲಿ ನೋವು ಬರುತ್ತದೆ.

ಆವತ್ತು ನನ್ನ ಬೈಕ್ ಸರಿಯಿತ್ತು. ಬ್ರೇಕೂ ಎರಡು ಇತ್ತು. ಪೆಟ್ಟು ಬಿದ್ದದ್ದು ನೆಲದ ಕಾರಣಕ್ಕೆ, ಹಗ್ಗ ಇಲ್ಲದ ಕಾರಣಕ್ಕೆ. ಇಷ್ಟು ವರ್ಷ ತಪಾಸಣೆ ಮಾಡಿದ ಮೇಲೂ ನನ್ನ ಲೆಕ್ಕ ಅದೇ. ಭುಜದ ಎಲುಬು, ಮಣಿಕಟ್ಟು, ಪಾದದ ಗಂಟು, ಮಂಡಿಯ ಲಿಗಮೆಂಟ್, ಈ ನಾಲ್ಕು ಪೆಟ್ಟು ಈ ಆಟದಲ್ಲಿ ಮಾಮೂಲು. ಎಷ್ಟು ಚೆನ್ನಾಗಿ ಓಡಿಸಿದರೂ ಇವುಗಳಲ್ಲಿ ಒಂದು ಬರಬಹುದು ಅಂತಲೇ ಇಳಿಯಬೇಕು. ಇದಕ್ಕಿಂತ ದೊಡ್ಡ ಪೆಟ್ಟು ನಾನು ನೋಡಿದ್ದೆಲ್ಲ ಬಿದ್ದವನು ಏನಕ್ಕೋ ಗುದ್ದಿದಾಗ, ಇಲ್ಲವೇ ಹಿಂದಿನ ಬೈಕು ಅವನ ಮೇಲೆ ಹಾದಾಗ.

ಸಾವು ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. 2023ರ ಆಗಸ್ಟ್‌ನಲ್ಲಿ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗ ತೀರಿಕೊಂಡ. ಅದು ಡಾಂಬರಿನ ರೇಸು, ಎಲ್ಲ ವ್ಯವಸ್ಥೆ ಇದ್ದ ಜಾಗ. ಮರಳುಗಾಡಿನಲ್ಲಿ ದಿನಗಟ್ಟಲೆ ನಡೆಯುವ ಡಾಕಾರ್ ರ್‍ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2015ರಲ್ಲಿ. ಅವರೇ 2021ರಲ್ಲಿ ಸೌದಿಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಕೋಮಾದಲ್ಲಿ ಇಡಬೇಕಾಯಿತು. ಇದನ್ನೂ ತಿಳಿದುಕೊಂಡೇ ನೀವು ತೀರ್ಮಾನ ಮಾಡಬೇಕು.

ಈಗ ನಿಮ್ಮ ನಿಜವಾದ ಪ್ರಶ್ನೆ: ನಿಲ್ಲಿಸಲಾ, ಬಿಡಲಾ?

ಪೂರ್ತಿ ನಿಲ್ಲಿಸಬಹುದು. ಅವನಿಗೆ 17, ಮನೆ ನಿಮ್ಮದು, ಹಕ್ಕು ಉಂಟು. ಪರೀಕ್ಷೆ ಹತ್ತಿರ ಇದ್ದರೆ ಅಲ್ಲಿಯವರೆಗೆ ಬೀಗ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನನ್ನ ಗ್ಯಾರೇಜಿನ ಹಿಂಬದಿಯಲ್ಲಿ ಯಾವಾಗಲೂ ಒಂದೆರಡು ಬೈಕು ನಿಂತಿರುತ್ತವೆ. ‘ಅಣ್ಣ, ಮನೆಯಲ್ಲಿ ಗೊತ್ತಿಲ್ಲ, ಇಲ್ಲೇ ಇರಲಿ’ ಅನ್ನುವ ಹುಡುಗರದ್ದು. ಅವರು ಬಿದ್ದರೆ ಮೊದಲು ಫೋನ್ ಬರುವುದು ನನಗೆ, ಅಮ್ಮನಿಗಲ್ಲ. ಮುಚ್ಚಿಟ್ಟು ಓಡಿಸುವವನು ಹೆಲ್ಮೆಟ್ ಕೂಡ ಒಯ್ಯುವುದಿಲ್ಲ. ಮನೆಯಿಂದ ಹೆಲ್ಮೆಟ್ ಹಿಡಿದು ಹೊರಟರೆ ಗೊತ್ತಾಗುತ್ತದಲ್ಲ.

ಈಗ ನಡೆಯುತ್ತಿರುವ ಹಾಗೇ ಬಿಡುವುದು ಮಾತ್ರ ಬೇಡವೇ ಬೇಡ. ಹೈವೇ ಬಗ್ಗೆ ಹೇಳಿದೆ. ಕಾನೂನೂ ಕೇಳಿ. ಗೇರ್ ಇರುವ ಬೈಕಿಗೆ 18 ತುಂಬಬೇಕು. 2019ರ ತಿದ್ದುಪಡಿ ಆದ ಮೇಲೆ ಅಪ್ರಾಪ್ತ ಮಗ ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿದರೆ ಹೊಣೆ ಪೋಷಕರದ್ದು ಮತ್ತು ಗಾಡಿಯ ಮಾಲೀಕರದ್ದು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಬೈಕು ಇನ್ನೂ ನಿಮ್ಮ ಅಣ್ಣನ ಹೆಸರಲ್ಲೇ ಇದ್ದರೆ ಅವರಿಗೂ ಇದನ್ನು ಓದಿ ಹೇಳಿ. ‘ಎಂತ ಆಗ್ತದೆ’ ಅಂದವರು ಅವರೇ ಅಲ್ವಾ. ಇನ್ಶೂರೆನ್ಸ್ ವಿಷಯವೂ ಉಂಟು. ಬೈಕಿನ ಮಾಮೂಲು ಪಾಲಿಸಿಯಲ್ಲಿ ರೇಸಿಗೆ, ವೇಗದ ಪರೀಕ್ಷೆಗೆ ಬಳಸಿದರೆ ಪರಿಹಾರ ಇಲ್ಲ ಅಂತ ಬರೆದೇ ಇರುತ್ತದೆ. ಆರೋಗ್ಯ ವಿಮೆಯಲ್ಲೂ ಸಾಹಸ ಕ್ರೀಡೆಗೆ ಹೊರತು ಅನ್ನುವ ಸಾಲು ಇರಬಹುದು, ತೆಗೆದು ನೋಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮಧ್ಯದ ದಾರಿ ಹಿಡಿಯುತ್ತಿದ್ದೆ. ಅದು ಖರ್ಚಿನ ದಾರಿ, ಈಗಲೇ ಹೇಳಿಬಿಡುತ್ತೇನೆ. ಅವನನ್ನು ಮೊದಲು ಒಂದು ತರಬೇತಿಗೆ ಕಳಿಸಿ. ಸಂತೋಷ್ ಅವರು ಬೆಂಗಳೂರಿನ ಹೊರಗೆ ಬಿಗ್ ರಾಕ್ ಡರ್ಟ್ ಪಾರ್ಕ್ ಅಂತ ಕಟ್ಟಿದ್ದಾರೆ. ಅಂಥ ಕಡೆ ಬೈಕು, ಗೇರ್, ಕಲಿಸುವವರು ಎಲ್ಲ ಅಲ್ಲೇ ಸಿಗುತ್ತದೆ. 18ರ ಒಳಗಿನವರ ನಿಯಮ ಏನು, ಅಪ್ಪ ಅಮ್ಮನ ಸಹಿ ಎಷ್ಟು ಕಡೆ ಬೇಕು ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಎರಡು ದಿನ ಕಲಿತರೆ ತನಗೆ ಏನು ಬರುವುದಿಲ್ಲ ಅಂತ ಹುಡುಗನಿಗೆ ಗೊತ್ತಾಗುತ್ತದೆ. ಕೆಲವರು ಅಲ್ಲಿಗೇ ಸಾಕು ಅನ್ನುತ್ತಾರೆ. ಅದೂ ಒಳ್ಳೆಯದೇ.

ಮುಂದುವರಿಯುತ್ತೇನೆ ಅಂದರೆ, ಮೋಟರ್ ಕ್ರೀಡೆ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ. ಅದರ ಅನುಮತಿ ಇರುವ ರೇಸಿಗೆ ಮಾತ್ರ ಹೋಗಲಿ. ಅಲ್ಲಿ ಸ್ಪರ್ಧಿಗೆ ಲೈಸೆನ್ಸ್ ಬೇಕು, ವೈದ್ಯಕೀಯ ತಪಾಸಣೆ ಉಂಟು, ಆಂಬ್ಯುಲೆನ್ಸ್ ಇಲ್ಲದೆ ರೇಸ್ ಶುರುವಾಗುವುದಿಲ್ಲ. ಅನುಮತಿ ಇಲ್ಲದ ರೇಸಿನಲ್ಲಿ ಬಹುಮಾನ ಜಾಸ್ತಿ, ಪ್ರವೇಶ ಸುಲಭ. 1994ರಲ್ಲಿ ನಾನು ಹೋದದ್ದು ಅಂಥದ್ದಕ್ಕೇ.

ದುಡ್ಡು ಬೈಕಿಗಿಂತ ಮೈಗೆ ಜಾಸ್ತಿ ಹಾಕಿ. ಪೂರ್ತಿ ಮುಖ ಮುಚ್ಚುವ ಆಫ್‌ರೋಡ್ ಹೆಲ್ಮೆಟ್, ಗಾಗಲ್, ಎದೆ ಬೆನ್ನಿನ ಗಾರ್ಡ್, ಮಂಡಿ ಮೊಣಕೈ ಗಾರ್ಡ್, ಮೊಣಕಾಲಿನ ತನಕ ಬರುವ ಗಟ್ಟಿ ಬೂಟು. ಹುಡುಗರು ಬೂಟಿಗೆ ಜಿಪುಣತನ ಮಾಡುತ್ತಾರೆ, ಕ್ಯಾನ್ವಾಸ್ ಶೂ ಹಾಕಿಕೊಂಡು ಬರುತ್ತಾರೆ. ಒಳ್ಳೆಯ ಬೂಟೊಂದಕ್ಕೇ 15-20 ಸಾವಿರ ಆಗಬಹುದು. ಹೆಲ್ಮೆಟ್ ಸೆಕೆಂಡ್ ಹ್ಯಾಂಡ್ ಬೇಡ. ಹಿಂದೆ ಎಷ್ಟು ಸಲ ಬಿದ್ದಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಇದರಲ್ಲಿ ಭವಿಷ್ಯ ಉಂಟಾ ಅಂತ ನೀವು ಕೇಳಿಲ್ಲ, ಆದರೆ ಯಜಮಾನರು ಮಸ್ಕತ್‌ನಿಂದ ಕೇಳುತ್ತಾರೆ. ಕೆ.ಪಿ. ಅರವಿಂದ್ ಗೊತ್ತಿರಬೇಕಲ್ಲ, ಬಿಗ್ ಬಾಸ್‌ನಲ್ಲಿ ಬಂದವರು? ಉಡುಪಿ ಮೂಲದವರು. ಟಿವಿಎಸ್ ತಂಡಕ್ಕೆ ಓಡಿಸಿದವರು. ಎರಡು ಸಲ ಡಾಕಾರ್ ಮುಗಿಸಲಾಗದೆ, 2019ರಲ್ಲಿ ಪೆರುವಿನಲ್ಲಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಅನ್ನುವ ರಸ್ತೆಯಿಲ್ಲದ ದಾರಿಯ ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. 2024ರಲ್ಲಿ ಸೂಪರ್‌ಕ್ರಾಸ್ ಲೀಗೂ ಶುರುವಾಗಿದೆ. ದಾರಿ ಇಲ್ಲ ಅನ್ನುವಂತಿಲ್ಲ. ಆದರೆ ಆ ದಾರಿಯಲ್ಲಿ ಸಂಬಳ ತೆಗೆದುಕೊಂಡು ಓಡಿಸುವವರನ್ನು ಎಣಿಸಲು ಎರಡು ಕೈ ಬೆರಳು ಜಾಸ್ತಿಯಾಗಬಹುದು. ಪಿಯುಸಿ ಪುಸ್ತಕ ಮಡಚಿಡುವಷ್ಟು ದೊಡ್ಡ ದಾರಿ ಅಲ್ಲ. ಬೈಕ್ ಬಿಚ್ಚಿ ಜೋಡಿಸುವ ಆಸಕ್ತಿ ಅವನಿಗೆ ನಿಜವಾಗಿ ಇದ್ದರೆ, ಮೆಕ್ಯಾನಿಕ್ ಆಗಿ, ಮಾರ್ಷಲ್ ಆಗಿಯೂ ಈ ಲೋಕಕ್ಕೆ ಬರಬಹುದು. ಮುಂದೆ ಈ ಕಡೆ ರೇಸ್ ಆದಾಗ ಕಳಿಸಿ. ಬಾವುಟ ಹಿಡಿದು ತಿರುವಿನಲ್ಲಿ ಒಂದು ದಿನ ನಿಂತರೆ ಬಿದ್ದವರನ್ನು ಎಷ್ಟು ಸಲ ಎತ್ತಬೇಕು ಅಂತ ಗೊತ್ತಾಗುತ್ತದೆ.

ಈ ಭಾನುವಾರ ಎರಡು ಕೆಲಸ ಮಾಡಿ. ಮೊದಲನೆಯದು, ಮಗನ ಜೊತೆ ಆ ಗದ್ದೆಗೆ ನಡೆದುಕೊಂಡು ಹೋಗಿ. ಅವನು ಸುತ್ತು ಹಾಕುವ ದಾರಿಯಲ್ಲೇ ನಡೆಯಿರಿ. ಪ್ರತಿ ತಿರುವಿನಲ್ಲೂ ನಿಂತು ‘ಇಲ್ಲಿ ಜಾರಿದರೆ ಎಲ್ಲಿಗೆ ಹೋಗ್ತಿ?’ ಅಂತ ಕೇಳಿ. ಗದ್ದೆಯ ಅಂಚು, ದಂಡೆ ಇಲ್ಲದ ಬಾವಿ, ಕರೆಂಟ್ ಕಂಬದ ಎಳೆತಂತಿ, ಮುಳ್ಳುಬೇಲಿ, ತೆಂಗಿನಮರ, ಏನಿದೆ ಅಂತ ಅವನ ಬಾಯಿಂದಲೇ ಬರಲಿ. ನೀವು ಬೈಯಬೇಡಿ. ಅವನು ಎಣಿಸಲಿ.

ಎರಡನೆಯದು, ಬ್ರೇಕ್ ಅವನೇ ಜೋಡಿಸಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಕೇಬಲ್ಲಿನ ಎಳೆ ಒಂದಾದರೂ ಬಿಟ್ಟಿದ್ದರೆ, ತುಕ್ಕು ಹಿಡಿದಿದ್ದರೆ ಹೊಸದು ತರಲಿ, ದೊಡ್ಡ ಖರ್ಚೇನಲ್ಲ. ಡ್ರಮ್ ಬಿಚ್ಚಿ ಒಳಗಿನ ಧೂಳು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಊದುವುದು ಬೇಡ. ಜೋಡಿಸಿದ ಮೇಲೆ ಲಿವರಿನ ತುದಿ ಒಂದು ಕಿರುಬೆರಳ ದಪ್ಪಕ್ಕಿಂತ ಕಡಿಮೆ ಆಡಬೇಕು, ಆಮೇಲೆ ಹಿಡಿಯಬೇಕು. ಮುಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, ಉಜ್ಜುವ ಸದ್ದು ಬರಬಾರದು. ಲಿವರ್ ಒತ್ತಿದರೆ ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ಬೈಕನ್ನು ಟೆಂಪೋಕ್ಕೆ ಹಾಕಿ ಗ್ಯಾರೇಜಿಗೆ ಕಳಿಸಿ. ಓಡಿಸಿಕೊಂಡು ಬರುವುದು ಬೇಡ.